ಮುಳುಗುವವರ ಉಸಿರು: ಉಸಿರು ನಿಯಂತ್ರಕದ ಚರಿತ್ರೆ ಮತ್ತು ಕಾಳಿ ಸೀಮೆಯ ನೀರು

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಜೋಯಿಡಾ, ದಾಂಡೇಲಿ, ಹಳಿಯಾಳ ಮತ್ತು ಮುಂಡಗೋಡ ತಾಲೂಕುಗಳನ್ನು ಕಾಡಿನ ಸೀಮೆಯೆಂದು ಗುರುತಿಸುವುದು ರೂಢಿ. ಈ ಸೀಮೆಯ ಜನಪದ ಅಧ್ಯಯನಗಳೂ ಬಹುಮಟ್ಟಿಗೆ ಕಾಡನ್ನೇ ಹಿನ್ನೆಲೆಯಾಗಿ ಇರಿಸಿಕೊಂಡಿವೆ. ಸಿದ್ದಿಯರ ಡಮಾಮಿ, ಕುಣಬಿಯರ ಗೆಡ್ಡೆಗೆಣಸಿನ ತಿಳಿವಳಿಕೆ, ಗೌಳಿಗರ ದನಗಾಹಿ ಬದುಕು ಇವುಗಳ ಕುರಿತು ವಿದ್ವಾಂಸರು ಬರೆದಿದ್ದಾರೆ. ಆದರೆ ಕಳೆದ ಅರ್ಧ ಶತಮಾನದಲ್ಲಿ ಈ ಸೀಮೆಯು ನಿಂತ ನೀರಿನ ಸೀಮೆಯೂ ಆಗಿದೆ ಎಂಬುದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿ ಸುಮಾರು 184 ಕಿ.ಮೀ. ಹರಿದು ಕಾರವಾರದ ಬಳಿ ಕಡಲು ಸೇರುವ ಕಾಳಿ ನದಿಗೆ 1974ರಿಂದ 1987ರ ಅವಧಿಯಲ್ಲಿ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಕಟ್ಟಲಾಯಿತು. ಕಾಳಿ ಮತ್ತು ಪಾಂಡರಿ ನದಿಗಳ ಸಂಗಮದಲ್ಲಿದ್ದ ಸೂಪಾ ಪಟ್ಟಣ ಮುಳುಗಿತು. ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂದಿತು. ಮುಳುಗಡೆಯಾದವರಲ್ಲಿ ಅನೇಕರು ರಾಮನಗರದಲ್ಲಿ ನೆಲೆಗೊಂಡರು. ಸೂಪಾದ ಕೆಳಗೆ ಬೊಮ್ಮನಹಳ್ಳಿ, ಹಳಿಯಾಳದ ಕಡೆ ತಟ್ಟಿಹಳ್ಳ, ಮುಂಡಗೋಡದಲ್ಲಿ ಅತ್ತಿವೇರಿ ಮತ್ತು ಬಾಚಣಕಿ ಹೀಗೆ ನೀರು ಅಲ್ಲಲ್ಲಿ ನಿಂತಿದೆ.

ನೀರು ನಿಂತಲ್ಲಿ ಮುಳುಗುವವರು ಇರುತ್ತಾರೆ. ಜಾತ್ರೆಗೆ ಬಂದವರು, ಬಟ್ಟೆ ಒಗೆಯಲು ಇಳಿದವರು, ಈಜಲು ಹೋದ ಹುಡುಗರು ನೀರಿನ ಪಾಲಾದಾಗ ಮೊದಲು ಕರೆ ಹೋಗುವುದು ಊರಿನ ಈಜುಗಾರನಿಗೆ. ಅವನ ಬಳಿ ಇರುವುದು ಒಂದು ಹಗ್ಗ ಮತ್ತು ಎದೆಯಲ್ಲಿ ಹಿಡಿದ ಒಂದು ಉಸಿರು. ಅಗ್ನಿಶಾಮಕ ಸಿಬ್ಬಂದಿ ಆಮೇಲೆ ಬರುತ್ತಾರೆ. ಸಿಲಿಂಡರ್ ಹೊತ್ತ ಮುಳುಗು ತಜ್ಞರು ಬೇಕೆಂದರೆ ಹೆಚ್ಚಾಗಿ ಕರಾವಳಿಯಿಂದ ಘಟ್ಟ ಹತ್ತಿ ಬರಬೇಕು. ಈ ತಜ್ಞರು ಬಾಯಲ್ಲಿ ಕಚ್ಚಿಕೊಳ್ಳುವ, ಸಿಲಿಂಡರಿನ ಗಾಳಿಯನ್ನು ಉಸಿರಿಗೆ ತಕ್ಕಂತೆ ಹದಗೊಳಿಸಿ ಕೊಡುವ ಸಾಧನವೇ ಉಸಿರು ನಿಯಂತ್ರಕ. ಮುಳುಗುಗಾರರ ಮಾತಿನಲ್ಲಿ ಅದು ರೆಗ್ಯುಲೇಟರ್. ಈ ಸಾಧನದ ಚರಿತ್ರೆಯನ್ನೂ ಅದರ ಗುಣಮಟ್ಟವನ್ನು ಸೂಚಿಸುವ ಅಂಕಿಗಳ ಅರ್ಥವನ್ನೂ ಕಾಳಿ ಸೀಮೆಯ ನೀರಿನ ಮುಂದಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ತಯಾರಕರ ವಿವರಪಟ್ಟಿಯಲ್ಲಿ ಮುಂದೆ ನಿಲ್ಲುವ ಗುಣವೂ ಈ ನೀರಿಗೆ ಬೇಕಾದ ಗುಣವೂ ಒಂದೇ ಅಲ್ಲ ಎಂಬುದು ಇಲ್ಲಿನ ಮುಖ್ಯ ನಿಲುವು. ಹೀಗಾಗಿ ಇದು ಉಪಕರಣದ ಚರಿತ್ರೆಯಷ್ಟೇ ಅಲ್ಲ, ಆಯ್ಕೆಯ ಪ್ರಶ್ನೆಯೂ ಹೌದು. ತಪ್ಪು ಆಯ್ಕೆಯ ಬೆಲೆಯನ್ನು ತೆರುವವನು ಕಡತಕ್ಕೆ ಸಹಿ ಹಾಕಿದವನಲ್ಲ, ನೀರಿಗೆ ಇಳಿದವನು.

ಆಳದ ಅಳತೆ ಮತ್ತು ಪಾತಾಳಗರಡಿ

ಕನ್ನಡ ಜನಪದರು ನೀರಿನ ಆಳವನ್ನು ಮೈಯಿಂದಲೇ ಅಳೆದಿದ್ದಾರೆ. ಮೊಣಕಾಲುಮಟ್ಟದ ನೀರು, ಸೊಂಟಮಟ್ಟದ ನೀರು, ಎದೆಮಟ್ಟದ ನೀರು, ಕತ್ತಿನಮಟ್ಟದ ನೀರು ಎಂದು ಏರುವ ಈ ಲೆಕ್ಕ ಆಳುದ್ದದ ನೀರಿಗೆ ಬಂದಾಗ ಒಂದು ಗಡಿ ದಾಟುತ್ತದೆ. ಅನಂತರ ಎರಡಾಳು, ಮೂರಾಳು; ಹಗ್ಗ ಇಳಿಬಿಟ್ಟರೆ ಇಷ್ಟು ಮಾರು. ಅದಕ್ಕೂ ಆಚೆ ಸಂಖ್ಯೆ ನಿಂತು ‘ಮಡು’ ಎಂಬ ಒಂದೇ ಮಾತು ಉಳಿಯುತ್ತದೆ. ಆಳು, ಮಾರು, ಮೊಳ, ಗೇಣು ಇವೆಲ್ಲವೂ ನಿಂತ ಅಥವಾ ಕೈಚಾಚಿದ ಮನುಷ್ಯನ ಅಳತೆಗಳು. ನೀರಿನೊಳಗೆ ಉಸಿರಾಡುವವನ ಅಳತೆಯೊಂದು ಈ ಪಟ್ಟಿಯಲ್ಲಿ ಇಲ್ಲದಿರುವುದು ಸಹಜವೇ ಆಗಿದೆ.

ಮನುಷ್ಯ ಇಳಿಯಲಾರದಲ್ಲಿಗೆ ಸಾಧನವನ್ನು ಇಳಿಸುವುದು ಹಳೆಯ ಜಾಣ್ಮೆ. ಬಾವಿಗೆ ಬಿದ್ದ ಕೊಡವನ್ನು ಎತ್ತುವ ಪಾತಾಳಗರಡಿ ಇದಕ್ಕೆ ಒಳ್ಳೆಯ ನಿದರ್ಶನ. ಕಬ್ಬಿಣದ ಬಳೆಗೆ ಸುತ್ತಲೂ ಕೊಕ್ಕೆಗಳನ್ನು ಜೋಡಿಸಿದ ಈ ಸಾಧನ ಎಲ್ಲರ ಮನೆಯಲ್ಲಿಯೂ ಇರುತ್ತಿರಲಿಲ್ಲ. ಬೇಕಾದವರು ಇದ್ದವರ ಮನೆಯಿಂದ ಕೇಳಿ ಒಯ್ಯುತ್ತಿದ್ದರು. ಕಾಣದ ತಳವನ್ನು ಹಗ್ಗದ ತುದಿಯಿಂದ ತಡವಿ ತಿಳಿಯುವುದು ಅದರ ಮರ್ಮ. ಹಗ್ಗ ಭಾರವಾಯಿತೇ, ಕೊಕ್ಕೆಗೆ ಸಿಕ್ಕದ್ದು ಕೊಡವೋ ಕಲ್ಲೋ ಎಂಬುದನ್ನು ಕೈ ಹೇಳುತ್ತದೆ.

ಮನುಷ್ಯನೇ ನೀರಿನ ತಳದಲ್ಲಿ ಉಳಿಯುವ ಕಲ್ಪನೆಯೂ ಕನ್ನಡಕ್ಕೆ ಹೊಸದಲ್ಲ. 10ನೆಯ ಶತಮಾನದ ರನ್ನನ ‘ಗದಾಯುದ್ಧ’ದಲ್ಲಿಯೂ ಇದೇ ಕಥಾವಸ್ತುವಿನ ಯಕ್ಷಗಾನ ಪ್ರಸಂಗದಲ್ಲಿಯೂ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ಅವನನ್ನು ಅಲ್ಲಿ ಉಳಿಸುವುದು ಜಲಸ್ತಂಭ ಮಂತ್ರ. ಉಸಿರಿನ ಪ್ರಶ್ನೆ ಏಳಬೇಕಾದ ಜಾಗದಲ್ಲಿ ಕಥೆ ಮಂತ್ರವನ್ನು ಇರಿಸಿರುವುದು ಗಮನಾರ್ಹ. ಟೊಳ್ಳಾದ ಕೊಳವೆಯ ತುದಿಯನ್ನು ನೀರಿನ ಮೇಲೆ ಬಿಟ್ಟು ಕೆಳಗೆ ಅಡಗಿ ಉಸಿರಾಡುವ ಚಿತ್ರ ಕಥೆಗಳಲ್ಲಿ ಬರುವುದುಂಟು. ದಾಂಡೇಲಿಯ ಸುತ್ತಲಿನ ಕಾಡಿನಲ್ಲಿ ಇದಕ್ಕೆ ತಕ್ಕ ಬಿದಿರಿಗೆ ಕೊರತೆಯಿಲ್ಲ. ಆದರೆ ಇದು ಒಂದೆರಡು ಅಡಿಯ ಆಳಕ್ಕೆ ಮಾತ್ರ ನಡೆಯುವ ಉಪಾಯ. ಒಂದು ಮೀಟರ್ ಕೆಳಗಿಳಿದರೆ ಸಾಕು, ನೀರು ಎದೆಯನ್ನು ಎಲ್ಲ ಕಡೆಯಿಂದ ಒತ್ತುತ್ತಿರುತ್ತದೆ, ಕೊಳವೆಯೊಳಗಿನ ಗಾಳಿಗಾದರೋ ಮೇಲಿನ ಬಯಲಿನ ಒತ್ತಡ ಮಾತ್ರ. ಈ ಅಂತರವನ್ನು ಗೆದ್ದು ಎದೆಗೂಡನ್ನು ಅರಳಿಸುವ ಶಕ್ತಿ ಮನುಷ್ಯನ ಸ್ನಾಯುಗಳಿಗೆ ಇಲ್ಲ. ಮುಳುಗಿದವನಿಗೆ ಗಾಳಿ ಸಿಕ್ಕರೆ ಸಾಲದು, ಅವನಿರುವ ಆಳದ ನೀರಿನಷ್ಟೇ ಒತ್ತಡದ ಗಾಳಿ ಸಿಗಬೇಕು. ಅದೂ ಅವನು ಎಳೆದಾಗ ಮಾತ್ರ, ಎಳೆದಷ್ಟು ಮಾತ್ರ. ಉಸಿರು ನಿಯಂತ್ರಕದ ಚರಿತ್ರೆಯೆಂದರೆ ಈ ಬೇಡಿಕೆಗಳನ್ನು ಒಂದೊಂದಾಗಿ ಪೂರೈಸಿದ ಚರಿತ್ರೆ.

ಗಣಿಯಿಂದ ನದಿಗೆ

ಲೋಹದ ಶಿರಸ್ತ್ರಾಣ ತೊಟ್ಟು ಮೇಲಿನ ಪಂಪಿನಿಂದ ಗಾಳಿ ಪಡೆಯುವ ಪದ್ಧತಿ 1830ರ ದಶಕದಲ್ಲಿ ಇಂಗ್ಲೆಂಡಿನ ಆಗಸ್ಟಸ್ ಸೀಬ್ ಮೊದಲಾದವರ ಕೈಯಲ್ಲಿ ನೆಲೆಗೊಂಡಿತ್ತು. ಅಲ್ಲಿ ಗಾಳಿ ಎಡೆಬಿಡದೆ ಹರಿಯುತ್ತಿತ್ತು. ಉಸಿರಿಗೆ ತಕ್ಕಂತೆ ತೆರೆದು ಮುಚ್ಚುವ ಕವಾಟ ಇರಲಿಲ್ಲ. ಅಂತಹ ಕವಾಟ ಬಂದದ್ದು ನೀರಿನಿಂದಲ್ಲ, ನೆಲದಡಿಯಿಂದ. ಫ್ರಾನ್ಸಿನ ಗಣಿ ಎಂಜಿನಿಯರ್ ಬೆನ್ವಾ ರುಕೆರೋಲ್ 1860ರಲ್ಲಿ ವಿಷಗಾಳಿ ತುಂಬಿದ ಗಣಿಯೊಳಗೆ ಉಸಿರಾಡಲು ಒಂದು ನಿಯಂತ್ರಕವನ್ನು ರೂಪಿಸಿ ಹಕ್ಕುಪತ್ರ ಪಡೆದನು. ನೌಕಾಪಡೆಯ ಅಧಿಕಾರಿ ಒಗುಸ್ತ್ ದೆನೆರೂಜ್ 1864ರಲ್ಲಿ ಅದನ್ನು ನೀರಿಗೆ ಒಗ್ಗಿಸಿದನು. 1870ರಲ್ಲಿ ಪುಸ್ತಕವಾಗಿ ಬಂದ ಜೂಲ್ಸ್ ವರ್ನನ ಸಮುದ್ರದ ಕಾದಂಬರಿಯಲ್ಲಿ ಕ್ಯಾಪ್ಟನ್ ನೆಮೊ ಹೆಸರಿಸುವುದು ಈ ಇಬ್ಬರ ಉಪಕರಣವನ್ನೇ. ಆ ಕಾಲದ ಲೋಹದ ಪಾತ್ರೆಗಳು ಹೆಚ್ಚಿನ ಒತ್ತಡವನ್ನು ತಡೆಯಲಾರದವಾದ್ದರಿಂದ ಬೆನ್ನಿನ ಮೇಲಿನ ಗಾಳಿ ಬೇಗ ಮುಗಿಯುತ್ತಿತ್ತು. ಮುಳುಗುಗಾರ ಮತ್ತೆ ಮೇಲಿನ ಪಂಪಿಗೇ ಕಟ್ಟುಬಿದ್ದನು. ಉಪಾಯ ಸರಿಯಾಗಿದ್ದು ಲೋಹ ಹಿಂದುಳಿದಿದ್ದ ಸನ್ನಿವೇಶ ಅದು.

ಮುಂದಿನ ಮುಖ್ಯ ಹೆಜ್ಜೆಗೂ ಕಡಲಿಗೂ ನೇರ ಸಂಬಂಧವಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ವಾಹನಗಳನ್ನು ಅನಿಲದಿಂದ ಓಡಿಸಬೇಕಾಯಿತು. ನಮ್ಮ ನಾಡಿನ ಹಿರಿಯರು ನೆನೆಯುತ್ತಿದ್ದ ಇದ್ದಿಲಿನ ಬಸ್ಸುಗಳು ಇದೇ ಅಭಾವದ ಕೂಸು. ಫ್ರಾನ್ಸಿನಲ್ಲಿ ಏರ್ ಲಿಕ್ವಿಡ್ ಸಂಸ್ಥೆಯ ಎಂಜಿನಿಯರ್ ಎಮಿಲ್ ಗಾನ್ಯಾನ್ ಇಂತಹ ವಾಹನಗಳ ಎಂಜಿನ್ನಿಗೆ ಅನಿಲವನ್ನು ಬೇಕಾದಷ್ಟೇ ಬಿಡುವ ಕವಾಟವೊಂದನ್ನು ಸಿದ್ಧಪಡಿಸಿದ್ದನು. ನೌಕಾಧಿಕಾರಿ ಜಾಕ್ ಕುಸ್ಟೋ 1942ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಅವನನ್ನು ಭೇಟಿಯಾದಾಗ ಈ ಕವಾಟವೇ ಮಾತಿನ ಕೇಂದ್ರವಾಯಿತು.

ಇಬ್ಬರೂ ಸೇರಿ ರೂಪಿಸಿದ ಸಾಧನದ ಪರೀಕ್ಷೆ 1943ರ ಜನವರಿಯಲ್ಲಿ ಪ್ಯಾರಿಸ್ ಬಳಿಯ ಮಾರ್ನ್ ನದಿಯಲ್ಲಿ ನಡೆಯಿತು. ಇಂದು ಕಡಲಿನ ಹವಳ, ಬಣ್ಣದ ಮೀನುಗಳ ಚಿತ್ರದೊಂದಿಗೆ ನೆನಪಾಗುವ ಈ ಉಪಕರಣ ಮೊದಲು ಇಳಿದದ್ದು ಚಳಿಗಾಲದ ಒಂದು ನದಿಯ ನೀರಿಗೆ. ಅಲ್ಲಿ ದೋಷವೊಂದು ಕಂಡುಬಂದಿತು. ಮಲಗಿ ಈಜುವಾಗ ಸರಿಯಾಗಿದ್ದ ಸಾಧನ ನೆಟ್ಟಗೆ ನಿಂತಾಗ ಗಾಳಿಯನ್ನು ತಾನಾಗಿಯೇ ಹೊರಚೆಲ್ಲುತ್ತಿತ್ತು, ತಲೆಕೆಳಗಾದಾಗ ಗಾಳಿ ಸಿಗುವುದೇ ಕಷ್ಟವಾಗುತ್ತಿತ್ತು. ಉಸಿರು ಹೊರಹೋಗುವ ಬಾಯಿ ಒಂದು ಮಟ್ಟದಲ್ಲಿ, ಕವಾಟವನ್ನು ತೆರೆಸುವ ಪೊರೆ ಇನ್ನೊಂದು ಮಟ್ಟದಲ್ಲಿ ಇದ್ದುದೇ ಇದಕ್ಕೆ ಕಾರಣ. ಗೇಣಿನಷ್ಟು ನೀರಿನ ಅಂತರವೂ ಉಸಿರನ್ನು ಕೆಡಿಸಬಲ್ಲದು ಎಂಬ ಪಾಠ ಅಲ್ಲಿ ಸಿಕ್ಕಿತು. ಎರಡನ್ನೂ ಒಂದೇ ಮಟ್ಟಕ್ಕೆ ತಂದ ಮೇಲೆ ಅದೇ ವರ್ಷದ ಬೇಸಿಗೆಯಲ್ಲಿ ಮೆಡಿಟರೇನಿಯನ್ ತೀರದ ಬಾಂದೋಲ್‌ನಲ್ಲಿ ಪರೀಕ್ಷೆಗಳು ಯಶಸ್ವಿಯಾದವು. 1946ರಲ್ಲಿ ಸಾಧನ ಮಾರುಕಟ್ಟೆಗೆ ಬಂದಿತು. ಅದರ ಕವಾಟ ಬೆನ್ನ ಮೇಲಿತ್ತು. ಎರಡು ದಪ್ಪ ಕೊಳವೆಗಳು ಬಾಯಿಗೆ ಬರುತ್ತಿದ್ದವು. ಆಸ್ಟ್ರೇಲಿಯದ ಟೆಡ್ ಎಲ್ಡ್ರೆಡ್ 1952ರಲ್ಲಿ ತಂದ ‘ಪಾರ್ಪಸ್’ ಈ ವಿನ್ಯಾಸವನ್ನು ಬದಲಿಸಿತು. ಒಂದು ಕವಾಟ ಸಿಲಿಂಡರಿನ ಕೊರಳಲ್ಲಿ, ಇನ್ನೊಂದು ಬಾಯ ಬಳಿ, ನಡುವೆ ಒಂದೇ ಕೊಳವೆ. ಇಂದು ಬಳಕೆಯಲ್ಲಿರುವುದು ಈ ಪದ್ಧತಿಯೇ.

ಕಮ್ಮಾರನ ತಿದಿಯನ್ನು ನೋಡಿದವರಿಗೆ ಇದರ ಮರ್ಮ ಕಷ್ಟವಲ್ಲ. ತಿದಿ ಅರಳಿದಾಗ ಚರ್ಮದ ತಟ್ಟಿ ತೆರೆದು ಗಾಳಿ ಒಳಬರುತ್ತದೆ, ಒತ್ತಿದಾಗ ತಟ್ಟಿ ಮುಚ್ಚುತ್ತದೆ. ಗಾಳಿಯ ಒತ್ತಡವೇ ಬಾಗಿಲು ಕಾಯುತ್ತದೆ. ನಿಯಂತ್ರಕದಲ್ಲಿ ಎದೆಯೇ ತಿದಿ. ಸಿಲಿಂಡರಿನ 200 ಬಾರ್ ಒತ್ತಡವನ್ನು ಮೊದಲ ಹಂತದ ಕವಾಟವು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9–10 ಬಾರ್ ಮೇಲಿನ ಮಟ್ಟಕ್ಕೆ ಇಳಿಸುತ್ತದೆ. ಬಾಯ ಬಳಿಯ ಎರಡನೆಯ ಹಂತದಲ್ಲಿ ತೆಳುವಾದ ಪೊರೆಯೊಂದಿದೆ. ಅದರ ಹೊರಗೆ ನೀರು, ಒಳಗೆ ಗಾಳಿ. ಉಸಿರೆಳೆದಾಗ ಪೊರೆ ಒಳಕ್ಕೆ ಬಾಗಿ ಸನ್ನೆಯನ್ನು ಒತ್ತುತ್ತದೆ, ಸನ್ನೆ ಕವಾಟವನ್ನು ತೆರೆಯುತ್ತದೆ. ಉಸಿರು ತುಂಬಿದೊಡನೆ ಪೊರೆ ಮರಳುತ್ತದೆ, ಕವಾಟ ಮುಚ್ಚುತ್ತದೆ.

ವಿವರಪಟ್ಟಿಯ ಅಂಕಿಗಳು

ಸಾಧನ ನೆಲೆಗೊಂಡ ಮೇಲೆ ಒಂದನ್ನು ಇನ್ನೊಂದರೊಡನೆ ಹೋಲಿಸುವ ಅಗತ್ಯ ಬಂದಿತು. ಹಗುರವಾಗಿ ಉಸಿರು ಬರುತ್ತದೆ ಎಂಬ ಮುಳುಗುಗಾರನ ಮಾತು ಸಾಲದಾಯಿತು. ಯಂತ್ರದ ಎದೆಯೊಂದನ್ನು ಒತ್ತಡದ ಕೋಣೆಯಲ್ಲಿ ಕೂರಿಸಿ ಉಸಿರಾಡಿಸಿ ಅಳೆಯುವ ಪದ್ಧತಿ ಬೆಳೆಯಿತು. ಇಂದು ಹೆಚ್ಚಾಗಿ ಉಲ್ಲೇಖವಾಗುವ ಯುರೋಪಿನ ಇಎನ್ 250 ಮಾನದಂಡ 1993ರಲ್ಲಿ ಬಂದು, 2000 ಮತ್ತು 2014ರಲ್ಲಿ ಪರಿಷ್ಕೃತವಾಯಿತು. ಇದರ ಪರೀಕ್ಷೆಯಲ್ಲಿ ಆಳ 50 ಮೀಟರ್, ಸಿಲಿಂಡರಿನಲ್ಲಿ ಉಳಿದ ಒತ್ತಡ 50 ಬಾರ್, ಉಸಿರು ನಿಮಿಷಕ್ಕೆ 25 ಬಾರಿ, ಒಂದೊಂದಕ್ಕೂ 2.5 ಲೀಟರ್; ಅಂದರೆ ನಿಮಿಷಕ್ಕೆ 62.5 ಲೀಟರ್. ಈ ಸ್ಥಿತಿಯಲ್ಲಿ ಉಸಿರಾಟದ ಶ್ರಮ ಲೀಟರಿಗೆ 3 ಜೂಲ್ ಮೀರಬಾರದು. ಎಳೆಯುವಾಗಲೂ ಬಿಡುವಾಗಲೂ ಒತ್ತಡದ ಅಂತರ 25 ಮಿಲಿಬಾರ್ ದಾಟಬಾರದು.

ಈ ಅಂಕಿಗಳನ್ನು ಮೈಯ ಅಳತೆಗೆ ತಂದು ನೋಡಬಹುದು. 25 ಮಿಲಿಬಾರ್ ಎಂದರೆ ಸುಮಾರು 25 ಸೆಂಟಿಮೀಟರ್ ನೀರಿನ ಒತ್ತಡ. ಒಂದು ಗೇಣಿಗಿಂತ ತುಸು ಹೆಚ್ಚು. ಲೀಟರಿಗೆ 3 ಜೂಲ್ ಎಂದರೆ 2.5 ಲೀಟರಿನ ಒಂದು ಉಸಿರಿಗೆ 7.5 ಜೂಲ್, ಮುಕ್ಕಾಲು ಕಿಲೋ ಭಾರವನ್ನು ಒಂದು ಮೀಟರ್ ಮೇಲೆತ್ತುವ ಕೆಲಸ. ನಿಮಿಷಕ್ಕೆ 25 ಬಾರಿ ಬರಿಯ ಉಸಿರಿಗಾಗಿ ಇಷ್ಟು ಎತ್ತಬೇಕಾದವನಿಗೆ ಬೇರೆ ಕೆಲಸಕ್ಕೆ ಶಕ್ತಿ ಉಳಿಯುವುದು ಕಡಿಮೆ. ಉಸಿರು ಭಾರವಾದಾಗ ಮನುಷ್ಯ ಅರಿವಿಲ್ಲದೆ ಕಡಿಮೆ ಉಸಿರಾಡುತ್ತಾನೆ, ಇಂಗಾಲದ ಡೈಆಕ್ಸೈಡ್ ಮೈಯಲ್ಲಿ ನಿಲ್ಲುತ್ತದೆ, ಗಾಬರಿ ಹುಟ್ಟುತ್ತದೆ. ಶ್ರಮದ ಮಿತಿ ಸುಖದ ಪ್ರಶ್ನೆಯಲ್ಲ ಎಂಬುದಕ್ಕೆ ಇದು ಆಧಾರ. ಒಳ್ಳೆಯ ಸಾಧನಗಳು ಈ ಮಿತಿಯ ಅರ್ಧಕ್ಕೂ ಕಡಿಮೆ ಶ್ರಮದಲ್ಲಿ ಗಾಳಿ ಕೊಡುತ್ತವೆ. ಆದರೆ ಒಂದರಲ್ಲಿ 0.8 ಜೂಲ್, ಇನ್ನೊಂದರಲ್ಲಿ 1 ಜೂಲ್ ಎಂದು ಬರೆದಿದ್ದರೆ ಆ ವ್ಯತ್ಯಾಸಕ್ಕಾಗಿ ದುಡ್ಡು ಸುರಿಯುವುದು ವ್ಯರ್ಥ. 10 ಮೀಟರಿನ ಆಳದಲ್ಲಿ ಸಾವಧಾನವಾಗಿ ಈಜುವವನಿಗೆ ಅದು ತಿಳಿಯುವುದೂ ಇಲ್ಲ.

ಮಾರಾಟದ ಪುಟಗಳಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಮತ್ತೊಂದು ಅಂಕಿ ಗಾಳಿಯ ಹರಿವು. 50 ಮೀಟರಿನಲ್ಲಿ ಗಾಳಿ ಮೇಲಿನದಕ್ಕಿಂತ ಆರು ಪಟ್ಟು ಸಾಂದ್ರವಾಗಿರುವುದರಿಂದ 62.5 ಲೀಟರಿನ ಉಸಿರಿಗೆ ಬಯಲಿನ ಲೆಕ್ಕದಲ್ಲಿ 375 ಲೀಟರ್ ಬೇಕು. ಉಸಿರು ಸಮವಾಗಿ ಹರಿಯದೆ ಅಲೆಯಂತೆ ಏರಿಳಿಯುವುದರಿಂದ ಅದರ ತುದಿಯ ಗಳಿಗೆಯಲ್ಲಿ ಬೇಡಿಕೆ ನಿಮಿಷಕ್ಕೆ ಸುಮಾರು 1,200 ಲೀಟರಿನ ವೇಗಕ್ಕೆ ಏರುತ್ತದೆ. ಇಬ್ಬರು ಒಂದೇ ಸಿಲಿಂಡರಿನಿಂದ ಉಸಿರಾಡಬೇಕಾಗಿ ಬಂದು ಇಬ್ಬರ ಉಸಿರೂ ಒಟ್ಟಿಗೆ ಬಿದ್ದರೆ ಅದರ ಎರಡು ಪಟ್ಟು. ಆದ್ದರಿಂದ ದೊಡ್ಡ ಹರಿವಿಗೆ ಅರ್ಥವಿಲ್ಲವೆಂದಲ್ಲ. ಸಾವಿರಗಳ ಮೇಲೆ ಸಾವಿರ ಸೇರಿಸಿದ ಜಾಹೀರಾತಿಗೆ ಅರ್ಥವಿಲ್ಲ. ಇದೇ ಲೆಕ್ಕದ ಇನ್ನೊಂದು ಮುಖವನ್ನು ವಿವರಪಟ್ಟಿಗಳು ಹೇಳುವುದಿಲ್ಲ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ 2,400 ಲೀಟರ್ ಗಾಳಿ ಹಿಡಿಯುತ್ತದೆ. ಪರೀಕ್ಷೆಯ ವೇಗದಲ್ಲಿ ಉಸಿರಾಡಿದರೆ 50 ಮೀಟರಿನಲ್ಲಿ ಅದು ಆರೂವರೆ ನಿಮಿಷವೂ ಬಾರದು.

ಸಮತೋಲಿತ ಮತ್ತು ಸಮತೋಲಿತವಲ್ಲದ ಎಂಬ ವಿಂಗಡಣೆಯೂ ಮುಖ್ಯವಾದದ್ದು. ಸಮತೋಲಿತವಲ್ಲದ ಮೊದಲ ಹಂತದಲ್ಲಿ ಸಿಲಿಂಡರ್ ಬರಿದಾಗುತ್ತ ಬಂದಂತೆ ಉಸಿರಿನ ಹದ ಬದಲಾಗುತ್ತದೆ. ಸಮತೋಲಿತವಾದದ್ದರಲ್ಲಿ ಕೊನೆಯವರೆಗೂ ಬಹುಮಟ್ಟಿಗೆ ಒಂದೇ ಬಗೆ. ಪರೀಕ್ಷೆಯನ್ನು ಉಳಿದ 50 ಬಾರ್‌ನಲ್ಲಿ ನಡೆಸುವುದು ಈ ಕಾರಣಕ್ಕೆ. ಹಳೆಯ ಸರಳ ಮಾದರಿಯಲ್ಲಿ ಉಸಿರು ಬಿಗಿಯಾಗುವುದೇ ಗಾಳಿ ಮುಗಿಯುತ್ತಿದೆ ಎಂಬ ಸೂಚನೆಯಾಗಿತ್ತೆಂದು ಅದನ್ನು ಮೆಚ್ಚುವವರೂ ಇದ್ದಾರೆ. ಒತ್ತಡಮಾಪಕ ಕೈಯಲ್ಲಿರುವ ಕಾಲದಲ್ಲಿ ಈ ವಾದಕ್ಕೆ ಬಲವಿಲ್ಲ.

ಕಾಳಿ ಸೀಮೆಯ ನೀರಿಗೆ ಯಾವುದು

ನೇತ್ರಾಣಿ ದ್ವೀಪದ ಪ್ರಶ್ನೆ ಸುಲಭದ್ದು. ಮುರುಡೇಶ್ವರದಿಂದ ದೋಣಿಯಲ್ಲಿ ಕರೆದೊಯ್ಯುವ ಪ್ರವಾಸಿಗಳಿಗೆ ಅಲ್ಲಿ ಸಿಗುವುದು ಬೆಚ್ಚನೆಯ, ಬೆಳಕಿರುವ, ಹೆಚ್ಚು ಆಳವಿಲ್ಲದ ಕಡಲು. ಸರಿಯಾಗಿ ದುರಸ್ತಿಯಲ್ಲಿಟ್ಟ ಯಾವ ಮಾದರಿಯಾದರೂ ಅಲ್ಲಿ ನಡೆಯುತ್ತದೆ. ವಿವರಪಟ್ಟಿಗಳನ್ನು ಬರೆದದ್ದು ಇಂತಹ ನೀರಿಗೆ, ಇಲ್ಲವೇ ಹಿಮದ ನಾಡಿನ ನೀರಿಗೆ. ಘಟ್ಟದ ಮೇಲಿನ ಜಲಾಶಯ ಇವೆರಡೂ ಅಲ್ಲ.

ಹಿಮದ ನಾಡಿನ ವಿಷಯವನ್ನೇ ಮೊದಲು ನೋಡಬಹುದು. ಒತ್ತಿ ತುಂಬಿದ ಗಾಳಿ ಹಿಗ್ಗುವಾಗ ತಣ್ಣಗಾಗುತ್ತದೆ. ನೀರೇ 10 ಡಿಗ್ರಿಗಿಂತ ತಣ್ಣಗಿದ್ದರೆ ಮೊದಲ ಹಂತದ ಸ್ಪ್ರಿಂಗಿನ ಸುತ್ತಲಿನ ನೀರು ಹೆಪ್ಪುಗಟ್ಟಿ ಕವಾಟ ತೆರೆದೇ ಉಳಿಯಬಹುದು. ಅದಕ್ಕಾಗಿ ಸ್ಪ್ರಿಂಗಿನ ಕೋಣೆಗೆ ನೀರು ಸೇರದಂತೆ ಹೊರಗೊಂದು ಪೊರೆಯಿಟ್ಟು ಮುಚ್ಚಿದ ಮಾದರಿಗಳು ಬಂದವು. ಇಎನ್ 250ರಲ್ಲಿಯೂ ತಣ್ಣೀರಿನ ಪರೀಕ್ಷೆ ಪ್ರತ್ಯೇಕ. ಕರ್ನಾಟಕದ ಯಾವ ಜಲಾಶಯಕ್ಕೂ ಈ ಭಯವಿಲ್ಲ, ಆದ್ದರಿಂದ ಈ ಬೆಲೆಯ ಮಾದರಿ ನಮಗೆ ಬೇಡವೆಂದು ತೀರ್ಮಾನಿಸುವುದು ಸಹಜ. ಆದರೆ ತೀರ್ಮಾನ ತಪ್ಪು. ಹಿಮವನ್ನು ಹೊರಗಿಡಲು ಮಾಡಿದ ಪೊರೆ ಹೂಳನ್ನೂ ಹೊರಗಿಡುತ್ತದೆ. ಮುಚ್ಚಿಲ್ಲದ ಪಿಸ್ಟನ್ ಮಾದರಿಯಲ್ಲಿ ಸುತ್ತಲಿನ ನೀರು ಸ್ಪ್ರಿಂಗಿನ ಕೋಣೆಗೆ ನೇರವಾಗಿ ನುಗ್ಗುತ್ತದೆ. ಮಳೆಗಾಲದ ಕೆಂಪು ರಾಡಿಯಲ್ಲಿ, ಮುಂಡಗೋಡದ ಕೆರೆಗಳ ಕೆಸರಿನಲ್ಲಿ ಬಳಸಿ ಒಣಗಿಸಿಟ್ಟರೆ ಆ ಮಣ್ಣು ಒಳಗೇ ಗಟ್ಟಿಯಾಗಿ ಪಿಸ್ಟನ್ನಿನ ಓಟವನ್ನು ತಡೆಯುತ್ತದೆ. ಪಿಸ್ಟನ್ ಮಾದರಿಯ ಹೊಗಳಿಕೆಗೆ ಕಾರಣವಾದ ಹೆಚ್ಚಿನ ಹರಿವಿನಿಂದ ಎರಡಾಳು ನೀರಿನ ಕೆರೆಯಲ್ಲಿ ಹುಡುಕುವವನಿಗೆ ಆಗುವ ಲಾಭ ಏನೂ ಇಲ್ಲ. ಈ ಸೀಮೆಗೆ ಪೊರೆಯ ಬಗೆಯ, ಹೊರಗಿನಿಂದ ಪೂರ್ತಿ ಮುಚ್ಚಿದ ಮೊದಲ ಹಂತವೇ ತಕ್ಕದ್ದು. ಆಯ್ಕೆಯ ಈ ಕಾರಣ ಸಾಮಾನ್ಯವಾಗಿ ವಿವರಪಟ್ಟಿಯ ಯಾವ ಅಂಕಿಯಲ್ಲಿಯೂ ಇರುವುದಿಲ್ಲ.

ಎರಡನೆಯ ಹಂತದ ವಿಷಯದಲ್ಲಿಯೂ ಮಾತು ಬೇರೆ. ಅತಿ ಹಗುರವಾಗಿ ಗಾಳಿ ಬಿಡುವಂತೆ ಹದಗೊಳಿಸಿದ ಕವಾಟ ಕಡಲಿನಲ್ಲಿ ಗುಣ, ಹರಿವ ನದಿಯಲ್ಲಿ ದೋಷ. ಗಣೇಶಗುಡಿಯ ಕೆಳಗೆ ವಿದ್ಯುದಾಗಾರದಿಂದ ಬಿಟ್ಟ ನೀರಿನ ರಭಸವೇ ರಾಫ್ಟಿಂಗ್‌ಗೆ ಆಸರೆ. ಅಂತಹ ಸೆಳವಿನಲ್ಲಿ ಮುಖ ತಿರುಗಿಸಿದರೆ ನೀರು ಪೊರೆಯನ್ನು ಒತ್ತಿ ಕವಾಟ ತಾನಾಗಿಯೇ ತೆರೆದುಕೊಳ್ಳಬಹುದು, ಸಿಲಿಂಡರ್ ಕೆಲವೇ ನಿಮಿಷಗಳಲ್ಲಿ ಬರಿದಾಗಬಹುದು. ಹದವನ್ನು ಕೈಯಿಂದ ಬಿಗಿಗೊಳಿಸುವ ತಿರುಪು ಇರುವ ಮಾದರಿ ಇಲ್ಲಿ ಉಪಯುಕ್ತ. ಹೊರಬಿಡುವ ಕವಾಟದ ಅಂಚಿನಲ್ಲಿ ಮರಳಿನ ಒಂದು ಕಣ ನಿಂತರೂ ಬಾಯಿಗೆ ನೀರು ಬರುತ್ತದೆ; ಮುಚ್ಚಳವನ್ನು ಸುಲಭವಾಗಿ ಬಿಚ್ಚಿ ತೊಳೆಯುವಂತಿರುವುದೂ ಒಂದು ಅರ್ಹತೆಯೇ. ಊರಿನ ಹೊಲಸು ಸೇರುವ ನೀರಿನಲ್ಲಾದರೆ ಬಾಯಲ್ಲಿ ಕಚ್ಚುವ ಸಾಧನವೇ ಸಾಲದು, ಮುಖವನ್ನು ಪೂರ್ತಿ ಮುಚ್ಚುವ ಮುಸುಕು ಬೇಕು.

ಜೊತೆಗಾರನಿಗೆ ಗಾಳಿ ಕೊಡಲು ಇರುವ ಹೆಚ್ಚುವರಿ ಎರಡನೆಯ ಹಂತವನ್ನು ಅಗ್ಗದ ವಸ್ತುವಾಗಿ ಕಾಣುವ ಅಭ್ಯಾಸವಿದೆ. 2014ರ ಪರಿಷ್ಕರಣೆಯು ಎರಡೂ ಬಾಯಿಗಳಿಂದ ಒಟ್ಟಿಗೆ ಉಸಿರಾಡಿಸಿ 30 ಮೀಟರಿನಲ್ಲಿ ಪರೀಕ್ಷಿಸಿ, ಉತ್ತೀರ್ಣವಾದವಕ್ಕೆ ಇಎನ್ 250ಎ ಎಂಬ ಗುರುತು ಕೊಟ್ಟಿತು. ಕಾಣದ ನೀರಿನಲ್ಲಿ ಕೆಲಸ ಮಾಡುವವರು ಶ್ರಮದ ಅಂಕಿಗಿಂತ ಮೊದಲು ನೋಡಬೇಕಾದದ್ದು ಈ ಗುರುತನ್ನು.

ಸೂಪಾ ಜಲಾಶಯದ ವಿಷಯದಲ್ಲಿ ಇನ್ನೆರಡು ಮಾತುಗಳಿವೆ. ಅಡಿಪಾಯದಿಂದ 101 ಮೀಟರ್ ಎತ್ತರದ ಈ ಅಣೆಕಟ್ಟಿನ ಹಿಂದೆ ನೀರು ತುಂಬಿದಾಗ ಗೋಡೆಯ ಬುಡದ ಆಳ ಮಾನದಂಡದ 50 ಮೀಟರನ್ನು ಮೀರುತ್ತದೆ. ಆ ತಳದ ಕೆಲಸ ಮೇಲಿನಿಂದ ಗಾಳಿ ಪಡೆಯುವ ವೃತ್ತಿಪರರದು ಅಥವಾ ಕ್ಯಾಮೆರಾ ಹೊತ್ತ ಯಂತ್ರಗಳದು. ಬೆನ್ನ ಸಿಲಿಂಡರ್ ಅಲ್ಲಿಗೆ ಹೊಂದುವುದಿಲ್ಲ. ಎರಡನೆಯದು ಎತ್ತರ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 564 ಮೀಟರ್. ಅಲ್ಲಿನ ವಾಯುಭಾರ ಸುಮಾರು 0.95 ಬಾರ್. ನಿಯಂತ್ರಕಕ್ಕೆ ಇದರ ಗೊಡವೆಯಿಲ್ಲ, ಅದರ ಪೊರೆ ಸುತ್ತಲಿನ ಒತ್ತಡವನ್ನಷ್ಟೇ ಅರಿಯುತ್ತದೆ. ಆದರೆ ಎಷ್ಟು ಹೊತ್ತು, ಎಷ್ಟು ಆಳದಲ್ಲಿ ಇರಬಹುದೆಂಬ ಸಾಮಾನ್ಯ ಕೋಷ್ಟಕಗಳು 300 ಮೀಟರಿಗಿಂತ ಎತ್ತರದ ನೀರಿಗೆ ಹಾಗೆಯೇ ಸಲ್ಲುವುದಿಲ್ಲ. ಬೆಳಗ್ಗೆ ನೇತ್ರಾಣಿಯಲ್ಲಿ ಮುಳುಗಿ ಅಂದೇ ಅಣಶಿ ಘಟ್ಟ ಹತ್ತಿ ದಾಂಡೇಲಿ ಸೇರುವ ಪ್ರವಾಸಿಗೂ ಇದು ಅನ್ವಯಿಸುತ್ತದೆ. ಮೈಯಲ್ಲಿ ಕರಗಿದ ಸಾರಜನಕ ಹೊರಹೋಗುವ ಮೊದಲೇ ಎತ್ತರಕ್ಕೆ ಏರುವುದು ಗುಳ್ಳೆಗಳ ರೋಗಕ್ಕೆ ದಾರಿ.

ಉಪಕರಣದ ಮಿತಿಯನ್ನು ಜಿಲ್ಲೆಯೇ ಇತ್ತೀಚೆಗೆ ಕಂಡಿದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರೂ ವಾಹನಗಳೂ ಗಂಗಾವಳಿಯ ಪಾಲಾದಾಗ ನೌಕಾಪಡೆಯ ಮುಳುಗುಗಾರರೂ ಮಲ್ಪೆಯ ಈಶ್ವರ್ ಮಲ್ಪೆ ಅವರ ತಂಡವೂ ಹುಡುಕಾಟಕ್ಕೆ ಇಳಿದವು. ಮಳೆಗಾಲದ ಸೆಳವು ಮತ್ತು ಮಣ್ಣು ಅವರನ್ನು ಮತ್ತೆ ಮತ್ತೆ ತಡೆದವು. ಲಾರಿಯೊಂದು ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು, ಹೂಳೆತ್ತುವ ಯಂತ್ರ ಬಂದ ಮೇಲೆ. ಆ ನಡುವೆ ಆಗಸ್ಟ್ 7ರ ರಾತ್ರಿ ಕಾರವಾರದ ಬಳಿ ಕಾಳಿಯ ಹಳೆಯ ಸೇತುವೆ ಕುಸಿದು ಇನ್ನೊಂದು ಲಾರಿ ನೀರಿಗೆ ಬಿದ್ದಿತು. ಅದರ ಚಾಲಕ ಬದುಕಿ ಉಳಿದರು. ಅಂತಹ ಸೆಳವಿನಲ್ಲಿ ಉಸಿರಿನ ಶ್ರಮ 0.8 ಜೂಲೋ 1.5 ಜೂಲೋ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಇಳಿಯಬೇಕೇ ಬೇಡವೇ ಎಂಬುದು ಮೊದಲ ತೀರ್ಮಾನ.

ಖರೀದಿಯ ನಂತರದ ಕಾಳಜಿಯ ಬಗ್ಗೆ ಬರೆಯುವವರು ಕಡಿಮೆ. ರಬ್ಬರಿನ ಉಂಗುರಗಳೂ ಕವಾಟದ ಪೀಠವೂ ಸವೆಯುವ ವಸ್ತುಗಳು. ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ ವರ್ಷಕ್ಕೆ ಅಥವಾ ಎರಡು ವರ್ಷಕ್ಕೊಮ್ಮೆ, ಅವುಗಳನ್ನು ಬದಲಿಸಬೇಕು. ಹಳಿಯಾಳದಲ್ಲೋ ಮುಂಡಗೋಡದಲ್ಲೋ ಇಡುವ ಸಾಧನಕ್ಕೆ ಬಿಡಿಭಾಗ ಎಲ್ಲಿಂದ ಬರುತ್ತದೆ, ಯಾರು ಕೂರಿಸುತ್ತಾರೆ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ಅಪರೂಪದ ಉತ್ತಮ ಮಾದರಿಗಿಂತ ಬಿಡಿಭಾಗ ಸಿಗುವ ಸಾಧಾರಣ ಮಾದರಿ ಮೇಲು. ಸಿಲಿಂಡರಿಗೆ ಜೋಡಿಸುವ ಬಗೆ ಹಿಡಿಕೆಯದೋ ತಿರುಪಿನದೋ ಎಂಬುದೂ ಹೊಂದಬೇಕು. ಕರಾವಳಿಯಿಂದ ತುಂಬಿಸಿ ತಂದ ಸಿಲಿಂಡರಿನ ಬಾಯಿಗೆ ನಿಯಂತ್ರಕ ಕೂರದಿದ್ದರೆ ಉಳಿದ ಗುಣಗಳೆಲ್ಲ ದಂಡ. ನೀರಿಗೆ ಇಳಿಯುವ ಮುನ್ನ ಸಿಲಿಂಡರ್ ತೆರೆಯದೆ ಒಮ್ಮೆ ಉಸಿರೆಳೆದು ನೋಡುವ ಪದ್ಧತಿಯಿದೆ. ಎಲ್ಲಿಂದಲೋ ಗಾಳಿ ಬಂದರೆ ನೀರೂ ಅಲ್ಲಿಂದಲೇ ಬರುತ್ತದೆ.

ಹೊಸ ಸಾಧನ ಬಂದರೂ ಹಳೆಯದೊಂದು ಉಳಿದಿರುವುದು ಕುತೂಹಲದ ಸಂಗತಿ. ಕಡಲಿನ ಮುಳುಗುಗಾರರು ಕೈಸನ್ನೆಯಲ್ಲಿ ಮಾತಾಡುತ್ತಾರೆ. ಕೆಸರು ಕದಡಿದ ಕೆರೆಯಲ್ಲಿ, ತನ್ನ ಕೈಯೇ ತನಗೆ ಕಾಣದಲ್ಲಿ, ಸನ್ನೆ ನಡೆಯುವುದಿಲ್ಲ. ಅಲ್ಲಿ ಪೂರ್ಣ ಸಜ್ಜಿನ ಮುಳುಗು ತಜ್ಞನ ಮೈಗೂ ಹಗ್ಗ ಕಟ್ಟುತ್ತಾರೆ. ಅದರ ಇನ್ನೊಂದು ತುದಿ ದಡದಲ್ಲಿ ಕುಳಿತವನ ಕೈಯಲ್ಲಿ ಇರುತ್ತದೆ. ಎಷ್ಟು ಬಾರಿ ಎಳೆದರೆ ಏನರ್ಥ ಎಂಬುದನ್ನು ಇಬ್ಬರೂ ಮೊದಲೇ ಮಾತಾಡಿಕೊಂಡಿರುತ್ತಾರೆ. ಪಾತಾಳಗರಡಿಯ ಹಗ್ಗ ಹಿಡಿದು ಬಾವಿಯ ತಳವನ್ನು ಓದುತ್ತಿದ್ದ ಕೈಯ ತಿಳಿವಳಿಕೆಯೂ ಇದೇ ಬಗೆಯದು. ನಿಯಂತ್ರಕದ ಬೆಲೆಯೊಡನೆ ಹೋಲಿಸಿದರೆ ಹಗ್ಗದ ಬೆಲೆ ಲೆಕ್ಕಕ್ಕೆ ಬಾರದು. ಆದರೂ ಇಂತಹ ನೀರಿಗಾಗಿ ಸಜ್ಜಿನ ಪಟ್ಟಿ ಬರೆಯುವಾಗ ಅದನ್ನೂ, ಅದನ್ನು ಹಿಡಿಯಲು ತರಬೇತಾದ ಒಬ್ಬನನ್ನೂ ನಿಯಂತ್ರಕದ ಸಾಲಿನಲ್ಲಿಯೇ ಸೇರಿಸಬೇಕಾಗುತ್ತದೆ.